ಹಳೆಯ ಲ್ಯಾಪ್‌ಟಾಪ್‌ಗೆ ದೊಡ್ಡ ಮಾನಿಟರ್ ಜೋಡಿಸಿದರೆ ಸುಟ್ಟುಹೋಗುತ್ತದೆಯೇ?

“ಹಳೆ ಲ್ಯಾಪ್‌ಟಾಪ್‌ಗೆ ದೊಡ್ಡ ಮಾನಿಟರ್ ಹಾಕಬೇಡಿ, ಗ್ರಾಫಿಕ್ಸ್ ಚಿಪ್ ಸುಟ್ಟುಹೋಗುತ್ತೆ.” “ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್‌ಗೆ ಈಗಿನ ಮಾನಿಟರ್ ಹೊಂದೋದೇ ಇಲ್ಲ, ಹೊಸದು ತಗೊಳ್ಳಿ.” ಇಂತಹ ಮಾತುಗಳನ್ನು ನೀವೂ ಕೇಳಿರುತ್ತೀರಿ. ಮನೆಯಲ್ಲಿ 2011–12ರ ಹೊತ್ತಿನ ಲ್ಯಾಪ್‌ಟಾಪ್ ಒಂದಿದೆ, ಮಕ್ಕಳ ಓದಿಗೋ ಅಂಗಡಿಯ ಲೆಕ್ಕಕ್ಕೋ ಅದು ಸಾಕು, ಪರದೆ ಮಾತ್ರ ಚಿಕ್ಕದು. ಅಂಥವರು ಈ ಮಾತು ನಂಬಿ ಹತ್ತಾರು ಸಾವಿರ ರೂಪಾಯಿ ಕೊಟ್ಟು ಹೊಸ ಲ್ಯಾಪ್‌ಟಾಪ್ ಕೊಳ್ಳುವುದುಂಟು. ಇನ್ನು ಕೆಲವರು ಮಾನಿಟರ್ ತಂದು ಜೋಡಿಸುತ್ತಾರೆ. ಚಿತ್ರ ಎಳೆದಂತೆ ಕಂಡಾಗ, ಅಕ್ಷರ ಮಸುಕಾದಾಗ “ಹೌದು, ಆ ಮಾತು ನಿಜ” ಎಂದುಕೊಂಡು ಮೂಲೆಗಿಡುತ್ತಾರೆ.

ಚಿಕ್ಕ ಉತ್ತರ ಇಷ್ಟು: ಮಾನಿಟರ್ ಜೋಡಿಸಿದ್ದರಿಂದಲೇ ಲ್ಯಾಪ್‌ಟಾಪ್ ಸುಡುವುದಿಲ್ಲ. ಬಹುತೇಕ ಹಳೆಯ ಲ್ಯಾಪ್‌ಟಾಪ್‌ಗಳು ಇಂದಿನ ಸಾಮಾನ್ಯ ಅಗಲ ಮಾನಿಟರ್‌ಗಳನ್ನು ಚೆನ್ನಾಗಿಯೇ ನಡೆಸುತ್ತವೆ. ಆದರೆ ಕೇಬಲ್ ಆರಿಸುವುದರಲ್ಲಿ ಮತ್ತು ಸೆಟ್ಟಿಂಗ್‌ನಲ್ಲಿ ಎಡವುವ ಜಾಗಗಳಿವೆ. ಅವು ಯಾವುವು, ಯಾಕೆ ಎಂಬುದನ್ನು ನೋಡೋಣ.

ಸುಡುವ ಮಾತು ಎಷ್ಟು ನಿಜ?

ಕೇಬಲ್ ಚುಚ್ಚಿದ ಕೂಡಲೇ ಲ್ಯಾಪ್‌ಟಾಪ್ ಮತ್ತು ಮಾನಿಟರ್ ನಡುವೆ ಒಂದು ಸಣ್ಣ ಮಾತುಕತೆ ನಡೆಯುತ್ತದೆ. ಪ್ರತಿ ಮಾನಿಟರ್‌ನ ಒಳಗೂ ಅದರ ಪರಿಚಯಪತ್ರದಂತಹ ಪುಟ್ಟ ಮಾಹಿತಿ ಇರುತ್ತದೆ. ಇದನ್ನು ಇಡಿಐಡಿ ಎನ್ನುತ್ತಾರೆ. ಇದರ ಮೂಲ ಭಾಗದ ಗಾತ್ರ ಕೇವಲ 128 ಬೈಟ್. ‘ನನ್ನ ಮಾದರಿ ಇದು, ನನ್ನಲ್ಲಿ ಅಡ್ಡಕ್ಕೆ ಇಷ್ಟು, ಉದ್ದಕ್ಕೆ ಇಷ್ಟು ಪಿಕ್ಸೆಲ್ ಇವೆ, ಸೆಕೆಂಡಿಗೆ ಇಷ್ಟು ಬಾರಿ ಚಿತ್ರ ಬದಲಿಸಬಲ್ಲೆ’ ಎಂದು ಮಾನಿಟರ್ ಹೇಳುತ್ತದೆ. ಲ್ಯಾಪ್‌ಟಾಪ್ ಅದನ್ನು ಓದಿ, ತನ್ನ ಶಕ್ತಿಗೆ ಎಟುಕುವ ಗಾತ್ರಗಳನ್ನಷ್ಟೇ ಪಟ್ಟಿಯಲ್ಲಿ ತೋರಿಸುತ್ತದೆ. ಎಟುಕದ್ದು ಪಟ್ಟಿಗೇ ಬರುವುದಿಲ್ಲ. ಆಗ ಚಿತ್ರ ಕಡಿಮೆ ಗಾತ್ರದಲ್ಲಿ ಬರುತ್ತದೆ ಅಥವಾ ಬರುವುದೇ ಇಲ್ಲ. ಸುಡುವ ಪ್ರಶ್ನೆ ಏಳುವುದಿಲ್ಲ.

ಹಾಗಾದರೆ ಬಿಸಿ? ಹಳೆಯ ಲ್ಯಾಪ್‌ಟಾಪ್‌ಗಳ ಪರದೆ ಹೆಚ್ಚಾಗಿ 1366 × 768 ಪಿಕ್ಸೆಲ್‌ನದು, ಅಂದರೆ ಸುಮಾರು 10.5 ಲಕ್ಷ ಚುಕ್ಕಿಗಳು. 1920 × 1080ರ ಮಾನಿಟರ್‌ನಲ್ಲಿ 20.7 ಲಕ್ಷ, ಸರಿಸುಮಾರು ದುಪ್ಪಟ್ಟು. ಕೆಲಸ ಹೆಚ್ಚುತ್ತದೆ, ನಿಜ. ಆದರೆ ಟೈಪ್ ಮಾಡುವುದು, ವೆಬ್‌ಸೈಟ್ ನೋಡುವುದು, ತರಗತಿಯ ವಿಡಿಯೋ ನೋಡುವುದು ಗ್ರಾಫಿಕ್ಸ್ ಚಿಪ್‌ಗೆ ಭಾರವಾದ ಕೆಲಸಗಳಲ್ಲ. ತೀರಾ ಬಿಸಿಯಾದರೆ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ಮಿತಿ ಮೀರಿದರೆ ಲ್ಯಾಪ್‌ಟಾಪ್ ತಾನಾಗಿಯೇ ಆಫ್ ಆಗುತ್ತದೆ. ಹಳೆಯ ಲ್ಯಾಪ್‌ಟಾಪ್ ಬಿಸಿಯಾಗಲು ನಿಜವಾದ ಕಾರಣಗಳು ಬೇರೆ: ಫ್ಯಾನ್‌ನಲ್ಲಿ ವರ್ಷಗಟ್ಟಲೆ ತುಂಬಿದ ಧೂಳು, ಹಾಸಿಗೆಯ ಮೇಲಿಟ್ಟು ಗಾಳಿಯ ಕಿಂಡಿ ಮುಚ್ಚುವುದು. ಮಾನಿಟರ್ ಜೋಡಿಸುವ ಮೊದಲು ಫ್ಯಾನ್ ಸ್ವಚ್ಛ ಮಾಡಿಸಿ, ಮೇಜಿನ ಮೇಲಿಟ್ಟು ಬಳಸಿ.

ಒಂದೇ ಒಂದು ಎಚ್ಚರಿಕೆ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಲ್ಯಾಪ್‌ಟಾಪ್‌ನ ತಳ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಅಂತಹ ಲ್ಯಾಪ್‌ಟಾಪನ್ನು ಚಾರ್ಜ್‌ಗೆ ಹಾಕಲೇಬೇಡಿ. ಬ್ಯಾಟರಿ ತೆಗೆಸಿದ ಮೇಲಷ್ಟೇ ಮುಂದಿನ ಮಾತು.

ಮೊದಲು ಕಿಂಡಿ ನೋಡಿ, ಆಮೇಲೆ ಕೇಬಲ್ ಕೊಳ್ಳಿ

ಲ್ಯಾಪ್‌ಟಾಪ್‌ನ ಪಕ್ಕ ಮತ್ತು ಹಿಂಭಾಗವನ್ನು ಬೆಳಕಿನಲ್ಲಿ ನೋಡಿ. ಮೂರು ಸಾಲಿನಲ್ಲಿ 15 ತೂತುಗಳು, ಎರಡೂ ಬದಿ ತಿರುಪು ಹಾಕಲು ಜಾಗ, ಹೆಚ್ಚಾಗಿ ನೀಲಿ ಬಣ್ಣ ಇದ್ದರೆ ಅದು ವಿಜಿಎ. ಐಬಿಎಂ ಕಂಪನಿ ಇದನ್ನು ತಂದದ್ದು 1987ರಲ್ಲಿ. ಸುಮಾರು ಒಂದೂವರೆ ಸೆಂಟಿಮೀಟರ್ ಅಗಲದ, ಕೆಳಗಡೆ ಕಿರಿದಾಗುವ ಚಪ್ಪಟೆ ಕಿಂಡಿ ಇದ್ದರೆ ಎಚ್‌ಡಿಎಂಐ. ಹೆಚ್ಚುಕಡಿಮೆ ಅಷ್ಟೇ ಗಾತ್ರದ, ಒಂದು ಮೂಲೆ ಮಾತ್ರ ಕತ್ತರಿಸಿದಂತಿರುವ ಕಿಂಡಿ ಡಿಸ್‌ಪ್ಲೇಪೋರ್ಟ್. ಇದು ಆಫೀಸು ಬಳಕೆಯ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚು.

ಎರಡೂ ಕಡೆ ಎಚ್‌ಡಿಎಂಐ ಇದ್ದರೆ ಯೋಚನೆಯೇ ಇಲ್ಲ, ಒಂದು ಸಾಧಾರಣ ಎಚ್‌ಡಿಎಂಐ ಕೇಬಲ್ ಸಾಕು. ಎರಡೂ ಕಡೆ ವಿಜಿಎ ಇದ್ದರೂ ಕೆಲಸ ನಡೆಯುತ್ತದೆ. ವಿಜಿಎ ಹಳೆಯದಾದರೂ 1920 × 1080 ಚಿತ್ರವನ್ನು ಒಯ್ಯಬಲ್ಲದು, ಕೇಬಲ್ ಚೆನ್ನಾಗಿರಬೇಕು ಅಷ್ಟೇ.

ತೊಂದರೆ ಬರುವುದು ಒಂದು ಕಡೆ ವಿಜಿಎ, ಇನ್ನೊಂದು ಕಡೆ ಎಚ್‌ಡಿಎಂಐ ಇದ್ದಾಗ. ದುಡ್ಡು ಹೆಚ್ಚು ಹಾಳಾಗುವುದೂ ಇಲ್ಲೇ. ವಿಜಿಎ ಅನಲಾಗ್: ಬಣ್ಣದ ಏರಿಳಿತವನ್ನು ವೋಲ್ಟೇಜಿನ ಏರಿಳಿತವಾಗಿ ಕಳಿಸುತ್ತದೆ. ಎಚ್‌ಡಿಎಂಐ ಡಿಜಿಟಲ್: ಎಲ್ಲವನ್ನೂ ಸೊನ್ನೆ-ಒಂದುಗಳಾಗಿ ಕಳಿಸುತ್ತದೆ. ಕನ್ನಡ ಬಾರದವರಿಗೆ ಕನ್ನಡದಲ್ಲಿ ಹೇಳಿದಂತೆ, ನಡುವೆ ಅನುವಾದಕ ಬೇಕು. ಆ ಅನುವಾದಕನೇ ಕನ್ವರ್ಟರ್‌ನ ಒಳಗಿರುವ ಚಿಪ್. ಒಂದು ತುದಿಯಲ್ಲಿ ವಿಜಿಎ, ಇನ್ನೊಂದು ತುದಿಯಲ್ಲಿ ಎಚ್‌ಡಿಎಂಐ ಇರುವ, ಚಿಪ್ ಇಲ್ಲದ ಬರೀ ತಂತಿ ಅಗ್ಗಕ್ಕೆ ಸಿಗುತ್ತದೆ. ಅದರಿಂದ ನಿಮ್ಮ ಲ್ಯಾಪ್‌ಟಾಪ್‌ಗೆ ಉಪಯೋಗವಿಲ್ಲ.

ಇನ್ನೊಂದು ಮಾತು ಗಮನಿಸಿ. ಈ ಅನುವಾದಕ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತಾನೆ. ಲ್ಯಾಪ್‌ಟಾಪ್‌ನಲ್ಲಿ ವಿಜಿಎ ಮಾತ್ರ ಇದ್ದು, ಮಾನಿಟರ್‌ನಲ್ಲಿ ಎಚ್‌ಡಿಎಂಐ ಇದ್ದರೆ ನಿಮಗೆ ಬೇಕಾದದ್ದು ‘ವಿಜಿಎಯಿಂದ ಎಚ್‌ಡಿಎಂಐಗೆ’ ಕನ್ವರ್ಟರ್. ಇದಕ್ಕೆ ಸಾಮಾನ್ಯವಾಗಿ ಕರೆಂಟ್‌ಗಾಗಿ ಯುಎಸ್‌ಬಿ ವೈರೂ, ಧ್ವನಿಗಾಗಿ ಇಯರ್‌ಫೋನ್ ಕಿಂಡಿಗೆ ಹಾಕುವ ವೈರೂ ಇರುತ್ತವೆ. ಲ್ಯಾಪ್‌ಟಾಪ್‌ನಲ್ಲಿ ಎಚ್‌ಡಿಎಂಐ ಇದ್ದು, ಹಳೆಯ ಮಾನಿಟರ್‌ನಲ್ಲಿ ವಿಜಿಎ ಇದ್ದರೆ ‘ಎಚ್‌ಡಿಎಂಐಯಿಂದ ವಿಜಿಎಗೆ’ ಕನ್ವರ್ಟರ್ ಬೇಕು. ಒಂದರ ಬದಲು ಇನ್ನೊಂದು ತಂದು ತಿರುಗಿಸಿ ಹಾಕಿದರೆ ಕೆಲಸ ಮಾಡದು. ಎಸ್.ಪಿ. ರಸ್ತೆಯಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ “ಲ್ಯಾಪ್‌ಟಾಪ್ ಕಡೆ ಇದು, ಮಾನಿಟರ್ ಕಡೆ ಇದು” ಎಂದು ಖಚಿತಪಡಿಸಿಕೊಂಡೇ ದುಡ್ಡು ಕೊಡಿ.

ಮಾನಿಟರ್‌ನಲ್ಲಿ ಡಿವಿಐ ಎಂಬ ಬಿಳಿಯ ದೊಡ್ಡ ಕಿಂಡಿ ಇದ್ದರೆ ಸುಲಭ. ಡಿವಿಐನ ಡಿಜಿಟಲ್ ಸಂಕೇತವೂ ಎಚ್‌ಡಿಎಂಐ ಚಿತ್ರಸಂಕೇತವೂ ಒಂದೇ ಬಗೆಯವು. ಚಿಪ್ ಇಲ್ಲದ ಸಾದಾ ಕೇಬಲ್ಲೇ ನಡೆಯುತ್ತದೆ, ಧ್ವನಿ ಮಾತ್ರ ಬರದಿರಬಹುದು.

ಚಿನ್ನದ ಲೇಪದ ದುಬಾರಿ ಎಚ್‌ಡಿಎಂಐ ಕೇಬಲ್ ತಂದರೆ ಚಿತ್ರ ಹೆಚ್ಚು ಸ್ಪಷ್ಟವಾಗುತ್ತದೆಯೇ? ಇಲ್ಲ. ಡಿಜಿಟಲ್ ಸಂಕೇತ ತಲುಪಿದರೆ ಪೂರ್ತಿ ತಲುಪುತ್ತದೆ. ತಲುಪದಿದ್ದರೆ ಪರದೆ ಮಿನುಗುತ್ತದೆ, ಚುಕ್ಕಿಗಳು ಹಾರುತ್ತವೆ, ಕಪ್ಪಾಗುತ್ತದೆ. ಒಂದೂವರೆ ಮೀಟರಿನ ಸಾಧಾರಣ ಕೇಬಲ್‌ನಲ್ಲಿ ಸರಿಯಾಗಿ ಬಂದ ಚಿತ್ರವನ್ನು ದುಬಾರಿ ಕೇಬಲ್ ಇನ್ನಷ್ಟು ಚೆಂದ ಮಾಡಲಾರದು.

ಮುಖ ಅಗಲ, ಅಕ್ಷರ ಮಸುಕು: ಯಾಕೆ?

ಜೋಡಿಸಿದ್ದಾಯಿತು, ಚಿತ್ರವೂ ಬಂತು. ಆದರೆ ಎಲ್ಲರ ಮುಖವೂ ಊದಿಕೊಂಡಂತೆ ಕಾಣುತ್ತಿದೆ. ಇದು ಮಾನಿಟರ್‌ನ ದೋಷವೂ ಅಲ್ಲ, ಲ್ಯಾಪ್‌ಟಾಪ್‌ನ ದೋಷವೂ ಅಲ್ಲ, ಲೆಕ್ಕದ ದೋಷ.

ಹಳೆಯ ಚೌಕಾಕಾರದ ಪರದೆಗಳ ಅಗಲ-ಎತ್ತರದ ಅನುಪಾತ 4:3. ಇಂದಿನ ಅಗಲ ಮಾನಿಟರ್‌ನದು 16:9. ಲ್ಯಾಪ್‌ಟಾಪ್ 1024 × 768 ಗಾತ್ರದ ಚಿತ್ರ ಕಳಿಸಿತು ಎಂದುಕೊಳ್ಳಿ. ಅದು 4:3. ಮಾನಿಟರ್ ಅದನ್ನು ತನ್ನ ಪೂರ್ತಿ ಪರದೆಗೆ ಎಳೆದರೆ, ಎತ್ತರಕ್ಕೆ ಹೋಲಿಸಿದಾಗ ಅಗಲ ಮೂರನೇ ಒಂದು ಪಾಲಿನಷ್ಟು ಹೆಚ್ಚಾಗುತ್ತದೆ. ಗುಂಡಗಿನ ಬಳೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಪರೀಕ್ಷೆಗೆ ಪೇಂಟ್‌ನಲ್ಲಿ ಶಿಫ್ಟ್ ಕೀ ಒತ್ತಿಹಿಡಿದು ಒಂದು ವೃತ್ತ ಬರೆಯಿರಿ. ಸ್ಕೇಲ್ ಇಟ್ಟು ಅಳೆಯಿರಿ. ಅಡ್ಡ-ಉದ್ದ ಒಂದೇ ಇದ್ದರೆ ಎಲ್ಲ ಸರಿ.

ಮಸುಕಿನ ಕಾರಣವೂ ಇದರ ನೆಂಟ. ಎಲ್‌ಸಿಡಿ, ಎಲ್‌ಇಡಿ ಪರದೆಗಳಲ್ಲಿ ಚುಕ್ಕಿಗಳು ನೆಲಕ್ಕೆ ಹಾಸಿದ ಟೈಲ್ಸ್‌ನಂತೆ ಎಣಿಸಿ ಜೋಡಿಸಿದಂಥವು. 1366 ಚುಕ್ಕಿಗಳ ಸಾಲನ್ನು 1920 ಚುಕ್ಕಿಗಳ ಮೇಲೆ ಹರಡಬೇಕೆಂದರೆ ಒಂದು ಚುಕ್ಕಿಯ ಪಾಲಿಗೆ ಸುಮಾರು 1.4 ಚುಕ್ಕಿ ಬರುತ್ತದೆ. ಟೈಲ್ಸ್ ಒಡೆದು ಹಾಸುವಂತಿಲ್ಲ. ಹಾಗಾಗಿ ಮಾನಿಟರ್ ಅಕ್ಕಪಕ್ಕದ ಬಣ್ಣಗಳನ್ನು ಬೆರೆಸಿ ಅಂದಾಜಿನಲ್ಲಿ ತುಂಬುತ್ತದೆ. ಫೋಟೋದಲ್ಲಿ ಇದು ಗೊತ್ತಾಗದು, ಒತ್ತಕ್ಷರ, ಕೊಂಬು, ಸುಳಿಗಳಿರುವ ಕನ್ನಡದ ಅಕ್ಷರಗಳಲ್ಲಿ ಕಣ್ಣಿಗೆ ಹೊಡೆಯುತ್ತದೆ. ಸುತ್ತ ಚಿಕ್ಕ ಅಕ್ಷರ ಓದಿ ಓದಿ ತಲೆನೋವು ಬಂತು ಎನ್ನುವವರು ಕನ್ನಡಕ ಬದಲಿಸುವ ಮೊದಲು ಈ ಸೆಟ್ಟಿಂಗ್ ಒಮ್ಮೆ ನೋಡಬೇಕು.

ಪರಿಹಾರ: ಲ್ಯಾಪ್‌ಟಾಪ್ ಕಳಿಸುವ ಗಾತ್ರವೂ ಮಾನಿಟರ್‌ನ ಸ್ವಂತ ಗಾತ್ರವೂ ಒಂದೇ ಆಗಿರಬೇಕು. ವಿಂಡೋಸ್ 7ರಲ್ಲಿ ಡೆಸ್ಕ್‌ಟಾಪ್ ಮೇಲೆ ಬಲಗಡೆಯ ಗುಂಡಿ ಒತ್ತಿ ‘ಸ್ಕ್ರೀನ್ ರೆಸಲ್ಯೂಷನ್’, ವಿಂಡೋಸ್ 10ರಲ್ಲಿ ‘ಡಿಸ್‌ಪ್ಲೇ ಸೆಟ್ಟಿಂಗ್ಸ್’ ತೆರೆಯಿರಿ. ಹೊಸ ಮಾನಿಟರ್‌ನ ಚೌಕ ಆರಿಸಿಕೊಂಡು, ‘ರೆಕಮೆಂಡೆಡ್’ ಎಂದು ಬರೆದಿರುವ ಗಾತ್ರಕ್ಕೆ ಬದಲಿಸಿ.

ಅಕ್ಷರ ಈಗ ಸ್ಪಷ್ಟ, ಆದರೆ ತೀರಾ ಚಿಕ್ಕದು ಎನಿಸಿದರೆ ರೆಸಲ್ಯೂಷನ್ ತಗ್ಗಿಸಬೇಡಿ. ಅದೇ ಜಾಗದಲ್ಲಿ ಅಕ್ಷರದ ಗಾತ್ರ ಹೆಚ್ಚಿಸುವ ಆಯ್ಕೆ ಇದೆ, 125% ಮಾಡಿ.

ಹೆಚ್ಚಿನವರು ಎಡವುವುದು ಇಲ್ಲಿ: ‘ಡುಪ್ಲಿಕೇಟ್’

ವಿಂಡೋಸ್ ಕೀ ಒತ್ತಿಹಿಡಿದು ಪಿ ಒತ್ತಿ. ನಾಲ್ಕು ಆಯ್ಕೆಗಳು ಬರುತ್ತವೆ: ಲ್ಯಾಪ್‌ಟಾಪ್ ಪರದೆ ಮಾತ್ರ, ಡುಪ್ಲಿಕೇಟ್, ಎಕ್ಸ್‌ಟೆಂಡ್, ಸೆಕೆಂಡ್ ಸ್ಕ್ರೀನ್ ಓನ್ಲಿ. ಡುಪ್ಲಿಕೇಟ್‌ನಲ್ಲಿ ಎರಡೂ ಪರದೆಗೆ ಒಂದೇ ಚಿತ್ರ ಹೋಗಬೇಕು. ಚಿಕ್ಕ ಪರದೆ 1366 × 768ಕ್ಕಿಂತ ಹೆಚ್ಚು ತೋರಿಸಲಾರದು. ಹೀಗಾಗಿ ದೊಡ್ಡದಕ್ಕೂ ಸಾಮಾನ್ಯವಾಗಿ ಅದೇ ಗಾತ್ರ ಹೋಗುತ್ತದೆ. ಸಂತೆಯಲ್ಲಿ ಎತ್ತು-ಕರುವನ್ನು ಒಂದೇ ಹಗ್ಗಕ್ಕೆ ಕಟ್ಟಿದಂತೆ, ಎತ್ತು ಕರುವಿನ ನಡಿಗೆಗೆ ಇಳಿಯಲೇಬೇಕು.

ಆದ್ದರಿಂದ ‘ಎಕ್ಸ್‌ಟೆಂಡ್’ ಅಥವಾ ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಆರಿಸಿ. “ಲ್ಯಾಪ್‌ಟಾಪ್ ಹಳೆಯದು, ಮಾನಿಟರ್ ಹೊಂದಲ್ಲ” ಎಂಬ ದೂರುಗಳಲ್ಲಿ ಎಷ್ಟೋ ಇಷ್ಟರಲ್ಲೇ ಮುಗಿಯುತ್ತವೆ.

ಆದರೂ 1920 × 1080 ಪಟ್ಟಿಯಲ್ಲಿ ಇಲ್ಲವೆ? ಎರಡು ಜಾಗ ನೋಡಿ. ಒಂದು, ಡಿವೈಸ್ ಮ್ಯಾನೇಜರ್‌ನಲ್ಲಿ ‘ಡಿಸ್‌ಪ್ಲೇ ಅಡಾಪ್ಟರ್ಸ್’ ತೆರೆಯಿರಿ. ಅಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಗ್ರಾಫಿಕ್ಸ್ ಚಿಪ್‌ನ ನಿಜವಾದ ಡ್ರೈವರ್ ಇಲ್ಲ ಎಂದರ್ಥ. ವಿಂಡೋಸ್ ಮತ್ತೆ ಹಾಕಿಸಿದ ಲ್ಯಾಪ್‌ಟಾಪ್‌ಗಳಲ್ಲಿ ಇದು ಸಾಮಾನ್ಯ. ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಿಂದ ನಿಮ್ಮ ಮಾದರಿಯ ಡ್ರೈವರ್ ಹಾಕಿಕೊಳ್ಳಿ. ಎರಡು, ವಿಜಿಎ ಕೇಬಲ್. ಮಾನಿಟರ್‌ನ ಪರಿಚಯಪತ್ರ ಸಾಗುವುದಕ್ಕೆ ಬೇರೆಯೇ ತಂತಿಗಳಿವೆ. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಅವೇ ಇರುವುದಿಲ್ಲ, ಕೆಲವು ಹಳೆಯ ಕೇಬಲ್‌ಗಳಲ್ಲಿ ಪಿನ್ ಮುರಿದಿರುತ್ತದೆ. ಪರಿಚಯವೇ ಆಗದಿದ್ದರೆ ಲ್ಯಾಪ್‌ಟಾಪ್ 1024 × 768ರಂತಹ ಸುರಕ್ಷಿತ ಗಾತ್ರಕ್ಕೆ ನಿಲ್ಲುತ್ತದೆ. ಪಕ್ಕದ ಮನೆಯವರ ಬೇರೆ ಕೇಬಲ್ ಹಾಕಿ ನೋಡಿ.

ವಿಜಿಎಯಲ್ಲಿ ಚಿತ್ರ ಒಂದು ಬದಿಗೆ ಸರಿದಿದ್ದರೆ, ಅಕ್ಷರ ನಡುಗುತ್ತಿದ್ದರೆ ಮಾನಿಟರ್‌ನ ಮೆನುವಿನಲ್ಲಿ ‘ಆಟೋ ಅಡ್ಜಸ್ಟ್’ ಒತ್ತಿ. ಡಿಜಿಟಲ್ ಕೇಬಲ್‌ಗೆ ಇದರ ಅಗತ್ಯವಿಲ್ಲ.

ತೀರಾ ಅಗಲದ ಮಾನಿಟರ್ ಕೊಳ್ಳುವ ಮೊದಲು

ಈಗ 21:9 ಅನುಪಾತದ, ಬಾಗಿಲು ಅಡ್ಡ ಮಲಗಿಸಿದಂತಹ ಮಾನಿಟರ್‌ಗಳೂ ಸಿಗುತ್ತವೆ. ಹಳೆಯ ಲ್ಯಾಪ್‌ಟಾಪ್‌ಗೆ ಇವನ್ನು ಕೊಳ್ಳುವಾಗ ಮಾತ್ರ ನಿಜಕ್ಕೂ ಯೋಚಿಸಬೇಕು.

2560 × 1080ರ ಪರದೆಯನ್ನು ಸೆಕೆಂಡಿಗೆ 60 ಬಾರಿ ತುಂಬಲು ಸುಮಾರು 16.6 ಕೋಟಿ ಚುಕ್ಕಿ ಬೇಕು. ನಡುವಿನ ಬಿಡುವು ಸೇರಿದರೆ 18 ಕೋಟಿ ದಾಟುತ್ತದೆ. 2002ರಲ್ಲಿ ಬಂದ ಮೊದಲ ಎಚ್‌ಡಿಎಂಐನ ಮಿತಿ ಸೆಕೆಂಡಿಗೆ 16.5 ಕೋಟಿ. 2006ರ 1.3ನೇ ಆವೃತ್ತಿ ಇದನ್ನು 34 ಕೋಟಿಗೆ ಏರಿಸಿತು. ಆದರೆ ಕಿಂಡಿಯ ಆವೃತ್ತಿ ಹೊಸದಾಗಿದ್ದರೆ ಸಾಲದು, ಒಳಗಿನ ಗ್ರಾಫಿಕ್ಸ್ ಚಿಪ್‌ಗೂ ಅಷ್ಟು ಶಕ್ತಿ ಬೇಕು. 2011–12ರ ಅನೇಕ ಲ್ಯಾಪ್‌ಟಾಪ್‌ಗಳ ಎಚ್‌ಡಿಎಂಐ ಅಧಿಕೃತವಾಗಿ 1920 × 1200ರಲ್ಲೇ ನಿಲ್ಲುತ್ತದೆ. ಅದೇ ಕಾಲದ ಡಿಸ್‌ಪ್ಲೇಪೋರ್ಟ್ 2560 × 1600ರವರೆಗೆ ಹೋಗುತ್ತದೆ. ಆ ಕಿಂಡಿ ಇದ್ದರೆ ಅದನ್ನೇ ಬಳಸಿ.

ಪ್ರೊಸೆಸರ್ ಹೆಸರನ್ನು ಅದರ ತಯಾರಕರ ಜಾಲತಾಣದಲ್ಲಿ ಹುಡುಕಿ, ‘ಮ್ಯಾಕ್ಸ್ ರೆಸಲ್ಯೂಷನ್’ ಎಷ್ಟಿದೆ ಎಂದು ನೋಡಿ. ತಲೆನೋವೇ ಬೇಡ ಎನ್ನುವವರಿಗೆ 22ರಿಂದ 24 ಇಂಚಿನ, 1920 × 1080ರ, ವಿಜಿಎ ಮತ್ತು ಎಚ್‌ಡಿಎಂಐ ಎರಡೂ ಕಿಂಡಿ ಇರುವ ಮಾನಿಟರ್ ಸರಿಯಾದ ಜೋಡಿ. ಈಗಾಗಲೇ 21:9 ಮಾನಿಟರ್ ಕೊಂಡಿದ್ದು ಪೂರ್ತಿ ಗಾತ್ರ ಬರುತ್ತಿಲ್ಲವೇ? ಮಾನಿಟರ್ ಮೆನುವಿನಲ್ಲಿ ‘ಆಸ್ಪೆಕ್ಟ್’ ಅಥವಾ ‘ಒರಿಜಿನಲ್’ ಆರಿಸಿ. ಎರಡು ಬದಿ ಕಪ್ಪು ಪಟ್ಟಿ ಉಳಿದರೂ ಮುಖಗಳು ಮುಖದಂತೆಯೇ ಕಾಣುತ್ತವೆ.

“ಸ್ಪೀಕರ್ ಹೋಯಿತು”, “ಅಂಚು ಕಾಣುತ್ತಿಲ್ಲ”

ಎಚ್‌ಡಿಎಂಐ ಹಾಕಿದ ತಕ್ಷಣ ಲ್ಯಾಪ್‌ಟಾಪ್‌ನ ಧ್ವನಿ ನಿಂತುಹೋಗಬಹುದು. ಸ್ಪೀಕರ್ ಕೆಟ್ಟಿಲ್ಲ. ಎಚ್‌ಡಿಎಂಐ ಚಿತ್ರದ ಜೊತೆ ಧ್ವನಿಯನ್ನೂ ಒಯ್ಯುವುದರಿಂದ ವಿಂಡೋಸ್ ಧ್ವನಿಯನ್ನು ಮಾನಿಟರ್‌ಗೆ ಕಳಿಸುತ್ತಿದೆ. ಮಾನಿಟರ್‌ನಲ್ಲಿ ಸ್ಪೀಕರೇ ಇಲ್ಲದಿರಬಹುದು. ಗಡಿಯಾರದ ಪಕ್ಕದ ಸ್ಪೀಕರ್ ಚಿಹ್ನೆ ಒತ್ತಿ, ಲ್ಯಾಪ್‌ಟಾಪ್ ಸ್ಪೀಕರ್ ಆರಿಸಿ. ವಿಜಿಎ ಧ್ವನಿಯನ್ನು ಒಯ್ಯುವುದೇ ಇಲ್ಲ.

ಮಾನಿಟರ್ ಬದಲು ಮನೆಯ ಟಿವಿಗೆ ಜೋಡಿಸಿದಾಗ ಕೆಳಗಿನ ಟಾಸ್ಕ್‌ಬಾರ್ ಅರ್ಧ ಮರೆಯಾಗುವುದುಂಟು. ಹಳೆಯ ಟಿವಿ ಕಾಲದ ರೂಢಿಯಂತೆ ಟಿವಿ ಚಿತ್ರವನ್ನು ತುಸು ಹಿಗ್ಗಿಸಿ ಅಂಚು ಕತ್ತರಿಸುತ್ತದೆ. ಟಿವಿಯ ಚಿತ್ರದ ಮೆನುವಿನಲ್ಲಿ ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’ ಅಂತಹ ಹೆಸರಿನ ಆಯ್ಕೆ ಹುಡುಕಿ.

ಇನ್ನೊಂದು ತಪ್ಪು ನಂಬಿಕೆ: ಲ್ಯಾಪ್‌ಟಾಪ್‌ನ ಎಚ್‌ಡಿಎಂಐ ಕಿಂಡಿಗೆ ಸೆಟ್‌ಟಾಪ್ ಬಾಕ್ಸ್ ಹಾಕಿ ಅದನ್ನೇ ಟಿವಿ ಮಾಡಿಕೊಳ್ಳಬಹುದು ಎಂಬುದು. ಸಾಮಾನ್ಯ ಲ್ಯಾಪ್‌ಟಾಪ್‌ಗಳಲ್ಲಿ ಈ ಕಿಂಡಿ ಚಿತ್ರ ಹೊರಕಳಿಸಲು ಮಾತ್ರ. ಒಳಗೆ ತೆಗೆದುಕೊಳ್ಳುವುದಿಲ್ಲ.

ಕೈಗೆ ಜುಂ ಎಂದರೆ

ಕೇಬಲ್ ಹಾಕುವಾಗ ಲೋಹದ ಭಾಗ ಮುಟ್ಟಿ ಕೈ ಜುಂ ಎಂದಿದ್ದರೆ ನಿರ್ಲಕ್ಷಿಸಬೇಡಿ. ಚಾರ್ಜರ್‌ನ ಒಳಗಿನ ಫಿಲ್ಟರ್‌ನಿಂದ ಅತಿ ಸಣ್ಣ ಪ್ರಮಾಣದ ವಿದ್ಯುತ್ ಸೋರುತ್ತದೆ. ಮೂರು ಪಿನ್‌ನ ಪ್ಲಗ್ ಸರಿಯಾದ ಅರ್ಥಿಂಗ್ ಇರುವ ಸಾಕೆಟ್‌ನಲ್ಲಿದ್ದರೆ ಅದು ನೆಲಕ್ಕೆ ಹೋಗುತ್ತದೆ. ಎರಡು ಪಿನ್‌ನ ಅಡಾಪ್ಟರ್ ಬಳಸಿ ಅರ್ಥಿಂಗ್ ತಪ್ಪಿಸಿದರೆ ಅದು ಲೋಹದ ಮೈಯಲ್ಲೇ ಉಳಿಯುತ್ತದೆ. ಲ್ಯಾಪ್‌ಟಾಪ್ ಮತ್ತು ಮಾನಿಟರ್ ನಡುವಿನ ಇಂಥ ವೋಲ್ಟೇಜ್ ವ್ಯತ್ಯಾಸವೇ ಕೇಬಲ್ ಚುಚ್ಚುವ ಗಳಿಗೆಯಲ್ಲಿ ಕಿಂಡಿಯನ್ನು ಹಾಳುಮಾಡಬಲ್ಲದು. ‘ಸುಟ್ಟುಹೋಯಿತು’ ಎಂಬ ಮಾತಿನಲ್ಲಿ ನಿಜದ ಎಳೆ ಏನಾದರೂ ಇದ್ದರೆ ಅದು ಇಲ್ಲಿದೆ. ಅದಕ್ಕೆ ಮಾನಿಟರ್‌ನ ಗಾತ್ರ ಕಾರಣವಲ್ಲ, ಅರ್ಥಿಂಗ್ ಕಾರಣ.

ಎರಡನ್ನೂ ಅರ್ಥಿಂಗ್ ಇರುವ ಒಂದೇ ಬೋರ್ಡಿಗೆ ಹಾಕಿ. ಸ್ವಿಚ್ ಆಫ್ ಇರುವಾಗ ಚಿತ್ರದ ಕೇಬಲ್ ಜೋಡಿಸಿ, ಆಮೇಲೆ ಆನ್ ಮಾಡಿ. ಜೋರಾಗಿ ಶಾಕ್ ಹೊಡೆದರೆ ಎಲೆಕ್ಟ್ರಿಷಿಯನ್ ಕರೆಸಿ.

ಪರದೆ ಒಡೆದ ಲ್ಯಾಪ್‌ಟಾಪ್ ಕಸವಲ್ಲ

ಪರದೆಯಲ್ಲಿ ಗೆರೆ ಬಂದಿದೆಯೇ? ರಿಪೇರಿಗೆ ಕೊಡುವ ಮೊದಲು ಮಾನಿಟರ್‌ಗೋ ಟಿವಿಗೋ ಜೋಡಿಸಿ ನೋಡಿ. ಅಲ್ಲಿ ಚಿತ್ರ ಶುಭ್ರವಾಗಿದ್ದರೆ ದೋಷ ಇರುವುದು ಲ್ಯಾಪ್‌ಟಾಪ್‌ನ ಪರದೆಯಲ್ಲಿ ಅಥವಾ ಅದಕ್ಕೆ ಹೋಗುವ ಒಳಗಿನ ಕೇಬಲ್‌ನಲ್ಲಿ. ಅಲ್ಲೂ ಅದೇ ಗೆರೆಗಳಿದ್ದರೆ ತೊಂದರೆ ಗ್ರಾಫಿಕ್ಸ್ ಚಿಪ್‌ನಲ್ಲಿ ಅಥವಾ ಡ್ರೈವರ್‌ನಲ್ಲಿ. ಇದನ್ನು ತಿಳಿದುಕೊಂಡು ಹೋದರೆ ಬೇಡದ ಭಾಗ ಬದಲಿಸುವುದು ತಪ್ಪುತ್ತದೆ.

ಪರದೆ ಮಾತ್ರ ಹೋಗಿದ್ದರೆ ಮಾನಿಟರ್, ಬೇರೆ ಕೀಬೋರ್ಡ್, ಮೌಸ್ ಹಾಕಿ ಡೆಸ್ಕ್‌ಟಾಪ್‌ನಂತೆ ಬಳಸಬಹುದು. ಮುಚ್ಚಳ ಮುಚ್ಚಿಟ್ಟು ಬಳಸಬೇಕೆಂದರೆ ಪವರ್ ಆಪ್ಷನ್ಸ್‌ನಲ್ಲಿ ‘ಮುಚ್ಚಳ ಮುಚ್ಚಿದಾಗ’ ಎಂಬುದರ ಎದುರು ‘ಡು ನಥಿಂಗ್’ ಆರಿಸಿ. ಬಿಸಿ ಹೆಚ್ಚೆನಿಸಿದರೆ ಮುಚ್ಚಳ ತುಸು ತೆರೆದಿಡಿ. ಮಾನಿಟರ್ ಒಂದು ತೋಳಿನಷ್ಟು ದೂರದಲ್ಲಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಇರಲಿ. ಲ್ಯಾಪ್‌ಟಾಪ್‌ಗೆ ತಲೆಬಾಗಿಸಿ ಕುಳಿತು ಬರುವ ಕತ್ತುನೋವು ಇದರಿಂದ ಎಷ್ಟೋ ಕಡಿಮೆಯಾಗುತ್ತದೆ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

• ದೊಡ್ಡ ಮಾನಿಟರ್ ಜೋಡಿಸಿದ್ದಕ್ಕೆ ಲ್ಯಾಪ್‌ಟಾಪ್ ಸುಡುವುದಿಲ್ಲ. ಎಟುಕದ ಗಾತ್ರವನ್ನು ಅದು ತೋರಿಸುವುದೇ ಇಲ್ಲ.
• ವಿಜಿಎ-ಎಚ್‌ಡಿಎಂಐ ನಡುವೆ ಚಿಪ್ ಇರುವ ಕನ್ವರ್ಟರ್ ಬೇಕು. ದಿಕ್ಕು ನೋಡಿ ಕೊಳ್ಳಿ.
• ವಿಂಡೋಸ್ + ಪಿ ಒತ್ತಿ, ‘ಡುಪ್ಲಿಕೇಟ್’ ಬಿಡಿ, ‘ಎಕ್ಸ್‌ಟೆಂಡ್’ ಅಥವಾ ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಆರಿಸಿ.
• ‘ರೆಕಮೆಂಡೆಡ್’ ರೆಸಲ್ಯೂಷನ್ ಇಡಿ. ಅಕ್ಷರ ಚಿಕ್ಕದಾದರೆ 125% ಮಾಡಿ.
• ಹಳೆಯ ಲ್ಯಾಪ್‌ಟಾಪ್‌ಗೆ 1920 × 1080ರ ಮಾನಿಟರ್ ನಿಶ್ಚಿಂತೆಯ ಆಯ್ಕೆ.
• ಮೂರು ಪಿನ್, ಸರಿಯಾದ ಅರ್ಥಿಂಗ್. ಬ್ಯಾಟರಿ ಊದಿದ್ದರೆ ಬಳಸಬೇಡಿ.

ಇಷ್ಟೆಲ್ಲ ಮಾಡಿಯೂ ಲ್ಯಾಪ್‌ಟಾಪ್ ಏಳದಿದ್ದರೆ ಕಸದ ಬುಟ್ಟಿಗೆ ಹಾಕಬೇಡಿ, ಅಧಿಕೃತ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಿ. ಎದ್ದರೆ, ಹೊಸದಕ್ಕೆಂದು ಎತ್ತಿಟ್ಟ ದುಡ್ಡು ಮನೆಯಲ್ಲೇ ಉಳಿಯಿತು.